ಯಾರ ಪ್ರವಾಸಕ್ಕೆ ಯಾರ ಚಂದಾ?

ಇಂಗ್ಲೆಂಡಿನ ಶಾಲೆಗಳಲ್ಲಿ ಯಾರೂ ಎದುರಾಡದ ಒಂದು ಪುಣ್ಯಕಾರ್ಯವಿದೆ. ಹದಿನಾರು ಹದಿನೇಳರ ಮಕ್ಕಳನ್ನು ಬೇಸಿಗೆ ರಜೆಯಲ್ಲಿ ಮೂರು ನಾಲ್ಕು ವಾರ ಪೆರು, ಟಾಂಜಾನಿಯಾ, ಬೋರ್ನಿಯೋ, ಕಾಂಬೋಡಿಯಾ, ಕೆಲವೊಮ್ಮೆ ನಮ್ಮ ಲಡಾಖಿಗೆ ಕಳಿಸುವುದು. ಇದನ್ನು ಟ್ರಿಪ್ ಅನ್ನುವಂತಿಲ್ಲ, ಎಕ್ಸ್‌ಪೆಡಿಷನ್ ಅನ್ನಬೇಕು. ತಲೆಗೆ ಸುಮಾರು 3,000ದಿಂದ 5,000 ಪೌಂಡ್ ತಗಲುತ್ತದೆ. ಅಪ್ಪ ಅಮ್ಮ ಸೀದಾ ಕೊಟ್ಟುಬಿಟ್ಟರೆ ಅದು ಉಳ್ಳವರ ಶೋಕಿ ಆಗಿಬಿಡುತ್ತದಲ್ಲ, ಅದಕ್ಕೇ ಮಗು ಒಂದೂವರೆ ಎರಡು ವರ್ಷ ಊರೆಲ್ಲ ತಿರುಗಿ ದುಡ್ಡು ಎತ್ತಬೇಕು. ಹೇಗೆ ಎತ್ತಬೇಕೆಂಬ ಪಟ್ಟಿಯೂ ತಯಾರಿದೆ. ಕೇಕ್ ಮಾರು, ಕಾರು ತೊಳೆ, ಕಾರ್ ಬೂಟ್ ಸೇಲ್‌ನಲ್ಲಿ ಹಳೇ ಆಟಿಕೆ ಹರವು, ಕ್ವಿಜ್ ನೈಟ್ ಇಡು, ರಾಫಲ್ ಟಿಕೆಟ್ ಹರಿ, ಸ್ಪಾನ್ಸರ್ ಹಿಡಿದು ತಲೆ ಬೋಳಿಸಿಕೋ, ಇಡೀ ದಿನ ಬಾಯಿ ಮುಚ್ಚಿಕೊಂಡಿರು, ಸೂಪರ್‌ಮಾರ್ಕೆಟ್ಟಿನಲ್ಲಿ ಗಿರಾಕಿಗಳ ಚೀಲ ತುಂಬು.

ಪಟ್ಟಿ ನೋಡಿದವರೆಲ್ಲ ಕೊಡುವ ಸರ್ಟಿಫಿಕೇಟು ಒಂದೇ: ಎಂಥ ಒಳ್ಳೆಯ ಸಂಸ್ಕಾರ! ಮಗು ಸ್ವಂತ ಕಾಲ ಮೇಲೆ ನಿಲ್ಲುವುದನ್ನು ಕಲಿಯುತ್ತದೆ, ಬಡ ದೇಶಕ್ಕೆ ಹೋಗಿ ಸೇವೆ ಮಾಡಿ ಬರುತ್ತದೆ, ಇನ್ನೇನು ಬೇಕು? ಇಲ್ಲಿರುವ ಕನ್ನಡದ ಮನೆಗಳಲ್ಲೂ ಈಗ ಇದೇ ರಾಗ. ಯುಗಾದಿ ಕಾರ್ಯಕ್ರಮದ ಹಾಲಿನ ಬಾಗಿಲಲ್ಲಿ ಒಬ್ಬ ಹುಡುಗ ಡಬ್ಬಿ ಹಿಡಿದು ನಿಂತಿರುತ್ತಾನೆ. ಒಬ್ಬಟ್ಟು ತಿಂದು ಕೈ ಒರೆಸಿಕೊಳ್ಳುತ್ತ ಹೊರಬಂದವರು ಅವನ ತಲೆ ಸವರಿ ಐದು ಪೌಂಡಿನ ನೋಟು ತುರುಕಿ ಹೋಗುತ್ತಾರೆ. ಯಾತಕ್ಕೆ ಅಂತ ಯಾರೂ ಕೇಳುವುದಿಲ್ಲ. ಕೇಳಿದರೆ ಕೆಟ್ಟವರಾಗುತ್ತೇವೆ.

ಕೆಟ್ಟವನಾಗಿಯೇ ಹೇಳುತ್ತೇನೆ. ಇದು ಸುಳ್ಳಿನ ವ್ಯವಹಾರ, ಅದೂ ಮಕ್ಕಳ ಬಾಯಲ್ಲಿ ಹೇಳಿಸುವ ಸುಳ್ಳು.

ಶನಿವಾರ ಬೆಳಿಗ್ಗೆ ಯಾವುದಾದರೂ ದೊಡ್ಡ ಸೂಪರ್‌ಮಾರ್ಕೆಟ್ಟಿಗೆ ಹೋಗಿ ನೋಡಿ. ಬಿಲ್ ಕಟ್ಟುವ ಒಂದೊಂದು ಟಿಲ್ಲಿನ ತುದಿಯಲ್ಲೂ ಒಂದೇ ಬಣ್ಣದ ಟೀ ಶರ್ಟು ತೊಟ್ಟ ಹುಡುಗನೋ ಹುಡುಗಿಯೋ ನಿಂತಿರುತ್ತಾರೆ. ಪಕ್ಕದಲ್ಲಿ ಬಣ್ಣದ ಪ್ಲಾಸ್ಟಿಕ್ ಬಕೆಟ್, ಅದರ ಮೇಲೆ ಆನೆಯದೋ ಜಿರಾಫೆಯದೋ ಚಿತ್ರ, 'ನಮ್ಮನ್ನು ಟಾಂಜಾನಿಯಾಕ್ಕೆ ಕಳಿಸಿ' ಎಂಬ ದಪ್ಪಕ್ಷರ. ಪೆನ್ಷನ್ನಿನಲ್ಲಿ ಬದುಕುವ ಅಜ್ಜಿ ಬರುತ್ತಾಳೆ. ಅವಳು ಬೇಡ ಅನ್ನುವಷ್ಟರಲ್ಲಿ ಹುಡುಗ ಬ್ರೆಡ್ಡನ್ನು ಅಡಿಗೆ ಹಾಕಿ ಆಲೂಗಡ್ಡೆಯನ್ನು ಮೇಲಿಟ್ಟು ಚೀಲ ತುಂಬಿ ಮುಗಿಸಿರುತ್ತಾನೆ. ಹಿಂದೆ ಕ್ಯೂ ನಿಂತಿದೆ, ಎಲ್ಲರ ಕಣ್ಣೂ ಬಕೆಟ್ಟಿನ ಮೇಲಿದೆ. ಅಜ್ಜಿ ಪರ್ಸ್ ಬಿಚ್ಚಿ ಒಂದು ಪೌಂಡ್ ಹುಡುಕುತ್ತಾಳೆ. ಪಾಪ ಆಫ್ರಿಕಾದ ಮಕ್ಕಳು, ಅಂದುಕೊಳ್ಳುತ್ತಾಳೆ. ಆಫ್ರಿಕಾದ ಯಾವ ಮಗುವಿಗೂ ಆ ಪೌಂಡಿನ ವಿಷಯ ತಿಳಿಯುವುದಿಲ್ಲ. ಅದರ ಬಹುಪಾಲು ವಿಮಾನದ ಟಿಕೆಟ್ಟಿಗೆ, ಇನ್ಶೂರೆನ್ಸಿಗೆ, ತಂಡದ ಲೀಡರಿನ ಸಂಬಳಕ್ಕೆ, ಪ್ರವಾಸ ನಡೆಸುವ ಕಂಪನಿಯ ಆಫೀಸು ಬಾಡಿಗೆಗೆ, ಲಾಭಕ್ಕೆ ಹೋಗುತ್ತದೆ.

ಅಂಗಡಿಯ ಬಾಗಿಲ ಹತ್ತಿರವೇ ಫುಡ್ ಬ್ಯಾಂಕಿನ ಬುಟ್ಟಿಯೂ ಇರುತ್ತದೆ. ಒಂದು ಪಾಸ್ತಾ ಪೊಟ್ಟಣ, ಎರಡು ಬೇಕ್ಡ್ ಬೀನ್ಸ್ ಡಬ್ಬಿ ತಳದಲ್ಲಿ ಬಿದ್ದಿರುತ್ತವೆ. ಟ್ರಸೆಲ್ ಟ್ರಸ್ಟಿನ ಫುಡ್ ಬ್ಯಾಂಕುಗಳು 2023-24ರಲ್ಲಿ ಇಡೀ ಯುಕೆಯಲ್ಲಿ ಹಂಚಿದ ತುರ್ತು ಆಹಾರದ ಪೊಟ್ಟಣಗಳು 31 ಲಕ್ಷ. ಹಸಿದವರ ಬುಟ್ಟಿ ತನ್ನಷ್ಟಕ್ಕೆ ತಾನು ಮೂಲೆಯಲ್ಲಿದೆ. ಪ್ರವಾಸ ಹೊರಟವರ ಬಕೆಟ್ಟಿಗೆ ಮಾತ್ರ ಟಿಲ್ಲಿಗೊಬ್ಬ ಕಾವಲು. ಅಜ್ಜಿಯ ಹತ್ತಿರ ಇರುವುದು ಒಂದೇ ಪೌಂಡ್. ಅದು ಎಲ್ಲಿಗೆ ಹೋಗಬೇಕಿತ್ತು?

ನಮ್ಮೂರಿನ ಗಣೇಶನ ಚಂದಾ ಹುಡುಗರು ಇವರಿಗಿಂತ ಪ್ರಾಮಾಣಿಕರು. ಅವರೂ ಬೀದಿಗೆ ಅಡ್ಡ ಹಗ್ಗ ಕಟ್ಟಿ ಪೀಡಿಸುತ್ತಾರೆ, ಒಪ್ಪಿದೆ. ಆದರೆ ಕೊಟ್ಟವರ ಕಣ್ಣೆದುರೇ ಪೆಂಡಾಲು ಏಳುತ್ತದೆ, ಚರುಪು ಸಿಗುತ್ತದೆ, ಕೊನೆಯ ದಿನ ಆರ್ಕೆಸ್ಟ್ರಾ ಇರುತ್ತದೆ. ಕೊಡದವರೂ ಬಂದು ಕೇಳಬಹುದು. ಚಂದಾ ಎತ್ತಿ, ಗಣೇಶನನ್ನು ಸ್ವಂತ ಮನೆಯ ಒಳಕೋಣೆಯಲ್ಲಿ ಕೂರಿಸಿಕೊಂಡು ಬಾಗಿಲು ಹಾಕಿಕೊಂಡ ಹುಡುಗರನ್ನು ನಾನಂತೂ ನೋಡಿಲ್ಲ.

ಈ ಪದ್ಧತಿಯ ಬೇರು ಎಲ್ಲಿದೆ ಅಂತಲೂ ನೋಡಬೇಕು. 1932ರಲ್ಲಿ ಜಾರ್ಜ್ ಮರ್ರೆ ಲೆವಿಕ್, ಕ್ಯಾಪ್ಟನ್ ಸ್ಕಾಟ್‌ನ ಕೊನೆಯ ಅಂಟಾರ್ಕ್ಟಿಕ್ ಯಾತ್ರೆಯಲ್ಲಿದ್ದ ವೈದ್ಯ, ಒಂದು ಸಂಘ ಕಟ್ಟಿ ಹುಡುಗರನ್ನು ಫಿನ್ಲೆಂಡಿನ ಕಾಡಿಗೆ ಕರೆದುಕೊಂಡು ಹೋದ. ಸಂಘದ ಹೆಸರು ಪಬ್ಲಿಕ್ ಸ್ಕೂಲ್ಸ್ ಎಕ್ಸ್‌ಪ್ಲೋರಿಂಗ್ ಸೊಸೈಟಿ. ಇಲ್ಲಿ ಪಬ್ಲಿಕ್ ಸ್ಕೂಲ್ ಅಂದರೆ ಶ್ರೀಮಂತರ ಖಾಸಗಿ ಶಾಲೆ, ಗೊತ್ತಲ್ಲ. ಸಾಮ್ರಾಜ್ಯ ಆಳಬೇಕಾದ ಮನೆತನಗಳ ಹುಡುಗರು ಸ್ವಲ್ಪ ಚಳಿ, ಸ್ವಲ್ಪ ಹಸಿವು ತಿಳಿದು ಗಟ್ಟಿಯಾಗಲಿ ಎಂಬುದು ಆಗಿನ ಲೆಕ್ಕ. 1984ರಲ್ಲಿ ಆಪರೇಷನ್ ರಾಲಿ ಬಂತು, ಯುವಕರನ್ನು ಹಡಗು ಹತ್ತಿಸಿ ಜಗತ್ತು ಸುತ್ತಿಸಿತು. ಹೆಸರು ಯಾರದ್ದು? ಚಿನ್ನದ ನಗರ ಹುಡುಕಿಕೊಂಡು 1595ರಲ್ಲಿ ದಕ್ಷಿಣ ಅಮೆರಿಕಕ್ಕೆ ನುಗ್ಗಿದ ಸರ್ ವಾಲ್ಟರ್ ರಾಲಿಯದು. ಅದೇ ಸಂಸ್ಥೆ ಮುಂದೆ ರಾಲಿ ಇಂಟರ್‌ನ್ಯಾಷನಲ್ ಆಗಿ, ಮೈಸೂರನ್ನು ನೆಲೆ ಮಾಡಿಕೊಂಡು ನಮ್ಮ ಹಳ್ಳಿಗಳಿಗೂ ತಂಡಗಳನ್ನು ಕಳಿಸುತ್ತಿತ್ತು. 2022ರಲ್ಲಿ ಬಾಗಿಲು ಹಾಕಿತು. 1987ರಲ್ಲಿ ವರ್ಲ್ಡ್ ಚಾಲೆಂಜ್ ಎಂಬ ಕಂಪನಿ ಹುಟ್ಟಿ ಇದನ್ನೆಲ್ಲ ಸಾಮಾನ್ಯ ಶಾಲೆಗಳ ಅಂಗಳಕ್ಕೆ ತಂದಿತು. ಆಮೇಲೆ ಅಂಥವು ಹಲವು ಬಂದವು. ಲೆವಿಕ್‌ನ ಕಾಲದಲ್ಲಿ ಉಳ್ಳವರು ತಮ್ಮ ಮಕ್ಕಳ ಖರ್ಚನ್ನು ತಾವೇ ಕೊಡುತ್ತಿದ್ದರು. ಈಗ ಊರು ಕೊಡುತ್ತದೆ. ಸುಧಾರಣೆಯೇ, ಅನುಮಾನವಿಲ್ಲ.

ಈ ಹೊಸ ವ್ಯಾಪಾರದ ಜಾಣತನ ನೋಡಿ. ಕಂಪನಿಗೆ ಸೇಲ್ಸ್‌ಮ್ಯಾನ್ ಬೇಡ, ಶಾಲೆಯ ಅಸೆಂಬ್ಲಿ ಹಾಲೇ ಶೋರೂಮು. ಮುಖ್ಯೋಪಾಧ್ಯಾಯರು ಪಕ್ಕದಲ್ಲಿ ಕೂತಿರುತ್ತಾರೆ, ಸ್ಲೈಡಿನಲ್ಲಿ ಸೂರ್ಯಾಸ್ತ, ನಗುವ ಕಪ್ಪು ಮಕ್ಕಳು. ವಸೂಲಿಗೂ ಜನ ಬೇಡ, ಮಕ್ಕಳೇ ಬೀದಿಗಿಳಿಯುತ್ತಾರೆ. ಡೆಪಾಸಿಟ್ ಮೊದಲೇ ಕಟ್ಟಬೇಕು, ಕಂತಿಗೆ ತಾರೀಕಿದೆ, ನಡುವೆ ಬಿಟ್ಟರೆ ಕಟ್ಟಿದ್ದೆಲ್ಲ ವಾಪಸ್ ಬರುವುದಿಲ್ಲ. ಅಂದರೆ ಅಜ್ಜಿ ಹಾಕಿದ ಪೌಂಡು, ಹುಡುಗ ಹೋಗದೇ ಉಳಿದರೂ ಅಜ್ಜಿಗೆ ಬಾರದು. ಬೇರೆ ಯಾವ ಟ್ರಾವೆಲ್ ಏಜೆನ್ಸಿಯಾದರೂ ಅಪ್ರಾಪ್ತ ಮಕ್ಕಳನ್ನು ಸಂಬಳವಿಲ್ಲದೆ ಕಲೆಕ್ಷನ್ನಿಗೆ ಅಟ್ಟಿದ್ದರೆ ಪತ್ರಿಕೆಗಳು ಸುಮ್ಮನಿರುತ್ತಿದ್ದವೇ? ಇಲ್ಲಿ ಅದಕ್ಕೆ ಕ್ಯಾರೆಕ್ಟರ್ ಬಿಲ್ಡಿಂಗ್ ಅಂತ ಹೆಸರು.

ಇನ್ನು ಆ ಸ್ವಾವಲಂಬನೆಯ ಕತೆ. ನಮ್ಮ ಪರಿಚಯದ ಮನೆಯೊಂದರಲ್ಲಿ ಮಗನ ಪ್ರವಾಸಕ್ಕೆ ಶಾಲೆಯ ಮೇಳದಲ್ಲಿ ದೋಸೆ ಸ್ಟಾಲ್ ಹಾಕಿದ್ದರು. ಶುಕ್ರವಾರ ಡ್ಯೂಟಿ ಮುಗಿಸಿ ಬಂದ ತಾಯಿ ಅಕ್ಕಿ, ಉದ್ದು, ಮೆಂತ್ಯ ನೆನೆಹಾಕಿ, ಗ್ಯಾರೇಜಿನಲ್ಲಿಟ್ಟ ಗ್ರೈಂಡರಿನಲ್ಲಿ ನಡುರಾತ್ರಿವರೆಗೆ ರುಬ್ಬಿದರು. ಈ ಚಳಿಗೆ ಹಿಟ್ಟು ಹುದುಗುವುದಿಲ್ಲವಲ್ಲ, ದೀಪ ಹಚ್ಚಿದ ಅವನ್ನಿನೊಳಗೆ ಎರಡು ದೊಡ್ಡ ಪಾತ್ರೆ ಇಟ್ಟು ಎದ್ದೆದ್ದು ನೋಡಿದರು. "ಅಕ್ಕಾ, ನಿಮ್ಮನೆ ದೋಸೆ ಹಂಚು ಒಂದು ಕೊಡ್ತೀರಾ? ನಾಳೆ ಪಲ್ಯಕ್ಕೂ ಒಂಚೂರು ಕೈ ಹಾಕ್ಬೇಕು" ಅಂತ ಫೋನು ಬಂತು. ನನ್ನ ಹೆಂಡತಿ ಹಂಚೂ ಕೊಟ್ಟಳು, ಆಲೂಗಡ್ಡೆಯೂ ಸುಲಿದಳು. ಮಾರನೆಯ ದಿನ ಅಪ್ಪ ಗ್ಯಾಸ್ ಸಿಲಿಂಡರ್ ಹೊತ್ತರು, ಅಮ್ಮ ಹೊಗೆಯಲ್ಲಿ ನಿಂತು ಹುಯ್ದರು. ಸ್ವಾವಲಂಬಿ ಎಲ್ಲಿ? ಕ್ಯಾಶ್ ಡಬ್ಬಿ ಮುಂದೆ, ಮೊಬೈಲು ನೋಡುತ್ತ ಕೂತಿದ್ದ. ಬಂದ ಅಷ್ಟೂ ದುಡ್ಡು ಅವನ 'ಎತ್ತಿದ ಹಣ'ದ ಲೆಕ್ಕಕ್ಕೆ ಸೇರಿತು. ಉದ್ದಿನಬೇಳೆ, ಎಣ್ಣೆ, ಗ್ಯಾಸು ಯಾವ ಲೆಕ್ಕದಲ್ಲೂ ಬರಲಿಲ್ಲ. ಅಮ್ಮನ ನಿದ್ದೆಗೆಟ್ಟ ರಾತ್ರಿಗೆ ಕಾಲಮ್ಮೇ ಇಲ್ಲ. ಆ ಹುಡುಗ ಕಲಿತದ್ದೇನು? ಹೆಂಗಸರು ದುಡಿಯುತ್ತಾರೆ, ಹೆಸರು ತನಗೆ ಬರುತ್ತದೆ. ಇದನ್ನು ಕಲಿಯಲು ಪೆರುವಿನವರೆಗೆ ಹೋಗಬೇಕಿತ್ತೇ? ನಮ್ಮ ಯಾವ ಮನೆಯ ಅಡುಗೆಮನೆಯಲ್ಲಾದರೂ ಬಿಟ್ಟಿ ಕಲಿಸುತ್ತಾರೆ.

ನಿಜವಾಗಿ ದುಡಿಯುವ ದಾರಿ ಇಲ್ಲವೇ? ಇದೆ. ಹದಿನಾರು ಹದಿನೇಳರವರಿಗೆ ಇಲ್ಲಿ 2025ರ ಏಪ್ರಿಲ್‌ನಿಂದ ಒಂದು ವರ್ಷ ಗಂಟೆಗೆ ಕನಿಷ್ಠ 7.55 ಪೌಂಡ್ ಕೂಲಿ ಇತ್ತು. ಕೆಫೆಯಲ್ಲಿ ತಟ್ಟೆ ತೊಳೆದರೂ ಸರಿ, ಆ ದರದಲ್ಲೇ ದಿನಕ್ಕೆ 8 ಗಂಟೆಯಂತೆ 67 ಶನಿವಾರ ದುಡಿದರೆ 4,000 ಪೌಂಡ್ ತುಂಬುತ್ತದೆ. ಕಂಪನಿ ಕೊಡುವ ಒಂದೂವರೆ ವರ್ಷದಲ್ಲಿ 78 ಶನಿವಾರಗಳಿವೆ. ಕೆಲಸ ಸುಲಭವಾಗಿ ಸಿಗುವುದಿಲ್ಲ, ಓದಿನ ಹೊರೆಯಿದೆ, ನಿಜ. ಆದರೆ ಬಾಸ್ ಬೈದಾಗ ತಲೆತಗ್ಗಿಸಿ, ಕಾಲುನೋವು ತಿಂದು, ತಿಂಗಳ ಕೊನೆಗೆ ಪೇಸ್ಲಿಪ್ ನೋಡಿದ ಮಗುವಿಗೆ ದುಡ್ಡಿನ ಬೆಲೆ ತಿಳಿಯುತ್ತದೆ. ಬಕೆಟ್ ಅಲ್ಲಾಡಿಸಿದವನಿಗೆ ಅಜ್ಜಿಯ ಮುಜುಗರದ ಬೆಲೆ ಮಾತ್ರ ಗೊತ್ತಿರುತ್ತದೆ.

ಅವಕಾಶ ಎಲ್ಲರಿಗೂ ಒಂದೇ, ಎತ್ತುವ ಶಕ್ತಿ ಇದ್ದವರು ಹೋಗುತ್ತಾರೆ ಎಂಬ ಮಾತಿಗಿಂತ ಕ್ರೂರವಾದದ್ದನ್ನು ನಾನು ಶಾಲೆಯ ಸಭೆಗಳಲ್ಲಿ ಕೇಳಿಲ್ಲ. ಡಾಕ್ಟರ ಮಗಳು ಸ್ಪಾನ್ಸರ್ ಫಾರಮ್ಮನ್ನು ಅಪ್ಪನ ಆಸ್ಪತ್ರೆಯ ಸ್ಟಾಫ್ ರೂಮಿಗೆ ಕೊಟ್ಟು ಕಳಿಸಿದರೆ ಸಂಜೆಯೊಳಗೆ ತುಂಬಿ ಬರುತ್ತದೆ. ಐಟಿ ಕಂಪನಿಯ ಮ್ಯಾನೇಜರಿನ ಮಗನ ಲಿಂಕು ಒಂದು ವಾಟ್ಸಾಪ್ ಗುಂಪಿನಿಂದ ಇನ್ನೊಂದಕ್ಕೆ ಹಾರಿ ಬೆಂಗಳೂರಿನ ಚಿಕ್ಕಪ್ಪ ಸೋದರತ್ತೆಯರವರೆಗೆ ಹೋಗುತ್ತದೆ. ಕೇರ್ ಹೋಮಿನಲ್ಲಿ ರಾತ್ರಿ ಪಾಳಿ ಮಾಡುವ ಒಂಟಿ ತಾಯಿಯ ಮಗಳು ಯಾರ ಹತ್ತಿರ ಹೋಗಬೇಕು? ಅವಳ ನೆರೆಹೊರೆಯವರೂ ಫುಡ್ ಬ್ಯಾಂಕಿನ ಸಾಲಿನಲ್ಲಿರುವವರು. ಎರಡು ಕೇಕ್ ಸೇಲ್ ಮಾಡಿ, ಡೆಪಾಸಿಟ್ ಕಳೆದುಕೊಂಡು, "ನಂಗೆ ಅಷ್ಟು ಇಂಟರೆಸ್ಟ್ ಇಲ್ಲ" ಅಂತ ಸುಳ್ಳು ಹೇಳಿ ಹಿಂದೆ ಸರಿಯುತ್ತಾಳೆ. ಬಡತನ ಹೀಗೆ ಅವಳ ಪ್ರಯತ್ನದ ಕೊರತೆಯಾಗಿ ಶಾಲೆಯ ಕಡತದಲ್ಲಿ ಕೂರುತ್ತದೆ. ಹೋದವರಿಗೆ ಮುಂದೆ ಯೂನಿವರ್ಸಿಟಿ ಅರ್ಜಿಯ 4,000 ಅಕ್ಷರಗಳ ಸ್ವಪರಿಚಯದಲ್ಲಿ ಬರೆಯಲು ನಾಯಕತ್ವ, ಸೇವಾಮನೋಭಾವ, ಸಹಾನುಭೂತಿ ಎಲ್ಲ ಸಿಗುತ್ತದೆ. ಅಮ್ಮನ ಪಾಳಿಯ ರಾತ್ರಿಗಳಲ್ಲಿ ತಮ್ಮನಿಗೆ ಊಟ ಮಾಡಿಸಿ ಮಲಗಿಸಿದವಳದ್ದು ಯಾವ ಎಕ್ಸ್‌ಪೆಡಿಷನ್ನಿನ ಲೆಕ್ಕಕ್ಕೆ?

ಸೇವೆಯ ಮಾತಿಗೆ ಬರೋಣ. ಒಂದು ತಿಂಗಳ ತಿರುಗಾಟದಲ್ಲಿ ಚಾರಣ, ವಿಶ್ರಾಂತಿ, ಬೀಚು ಎಲ್ಲ ಕಳೆದು ಉಳಿದ ಕೆಲವು ದಿನ 'ಪ್ರಾಜೆಕ್ಟ್'. ಶಾಲೆಯ ಗೋಡೆಗೆ ಬಣ್ಣ ಬಳಿಯುವುದು, ಶೌಚಾಲಯಕ್ಕೆ ಗುಂಡಿ ತೋಡುವುದು, ಬೇಲಿ ಹಾಕುವುದು. ತನ್ನ ಮಲಗುವ ಕೋಣೆಗೇ ಒಂದು ದಿನ ಬಣ್ಣ ಬಳಿಯದ ಹುಡುಗ ಟಾಂಜಾನಿಯಾದ ಗೋಡೆಗೆ ಬಳಿಯುತ್ತಾನೆ. ಆ ಊರಲ್ಲಿ ಬಣ್ಣದವರಿಲ್ಲವೇ? ಗಾರೆಯವರಿಲ್ಲವೇ? 4,000 ಪೌಂಡ್ ಅಂದರೆ ನಾಲ್ಕೂವರೆ ಲಕ್ಷ ರೂಪಾಯಿಗೂ ಮೇಲೆ. ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಯ ಕೂಲಿ 2025-26ರಲ್ಲಿ ದಿನಕ್ಕೆ 370 ರೂಪಾಯಿ ಇತ್ತು. ಆ ದರದಲ್ಲಿ ಒಬ್ಬ ಹುಡುಗನ ಪ್ರವಾಸದ ದುಡ್ಡಿನಲ್ಲಿ ನಮ್ಮ ಹಳ್ಳಿಯ ಒಬ್ಬ ಆಳಿಗೆ ಸಾವಿರದಿನ್ನೂರು ದಿನಕ್ಕೂ ಹೆಚ್ಚು ಕೂಲಿ ಕೊಡಬಹುದು. ಇಪ್ಪತ್ತು ಹುಡುಗರು ಹೋಗುತ್ತಾರೆ. ಲೆಕ್ಕ ನೀವೇ ಹಾಕಿಕೊಳ್ಳಿ, ಅಷ್ಟು ಕೂಲಿಯಲ್ಲಿ ಎದ್ದು ನಿಲ್ಲುವ ಶಾಲೆಗಳನ್ನು ಆ ಇಪ್ಪತ್ತು ಜನ ಬಳಿದ ಒಂದು ಗೋಡೆಯ ಪಕ್ಕ ಇಟ್ಟು ನೋಡಿ.

ಗೋಡೆಯಾದರೆ ಮಳೆಗೆ ತೊಳೆದು ಹೋಗುತ್ತದೆ, ಬಿಡಿ. ಮಕ್ಕಳ ವಿಷಯದಲ್ಲಿ ನಡೆದದ್ದನ್ನು ಹಾಗೆ ಬಿಡಲಾಗದು. ಅನಾಥಾಲಯಕ್ಕೆ ಹೋಗಿ ಕೂಸುಗಳನ್ನು ಎತ್ತಿ ಆಡಿಸಿ ಫೋಟೋ ತೆಗೆಸಿಕೊಳ್ಳುವುದು ಬಹುಕಾಲ ಇಂಥ ಪ್ರವಾಸಗಳ ಆಕರ್ಷಣೆಯಾಗಿತ್ತು. ಕಾಂಬೋಡಿಯಾದಲ್ಲಿ ವಿದೇಶೀಯರ ದುಡ್ಡು ಹೆಚ್ಚಾದಂತೆ ಅನಾಥಾಲಯಗಳೂ ಹೆಚ್ಚಿದವು. ಯುನಿಸೆಫ್ ಹೋಗಿ ನೋಡಿದರೆ ಅಲ್ಲಿದ್ದ ಮಕ್ಕಳಲ್ಲಿ ಮುಕ್ಕಾಲು ಪಾಲಿಗೆ ತಂದೆಯೋ ತಾಯಿಯೋ ಬದುಕಿದ್ದರು. ನೋಡಲು ಬರುವವರು ಇದ್ದರು, ಆದ್ದರಿಂದ ತೋರಿಸಲು ಅನಾಥರು ಬೇಕಾದರು. ಆಸ್ಟ್ರೇಲಿಯಾದ ಸಂಸತ್ತು ಆಧುನಿಕ ಗುಲಾಮಗಿರಿಯ ಮೇಲೆ 2017ರಲ್ಲಿ ವಿಚಾರಣೆ ನಡೆಸಿದಾಗ ಅನಾಥಾಲಯಗಳಿಗೆ ಮಕ್ಕಳನ್ನು ಸಾಗಿಸುವುದನ್ನೂ ಅದರೊಳಗೆ ಸೇರಿಸಿತು. ವರ್ಲ್ಡ್ ಚಾಲೆಂಜ್ ಆ ವರ್ಷವೇ ಅನಾಥಾಲಯದ ಭೇಟಿಗಳನ್ನು ಕೈಬಿಟ್ಟಿತು. ಒಳ್ಳೆಯದೇ ಆಯಿತು. ಆದರೆ ಕಂಪನಿ ಹುಟ್ಟಿದ್ದು 1987ರಲ್ಲಿ. ಈ ಉದ್ಯಮಕ್ಕೆ ದುಡ್ಡು ತುಂಬಿಸಲು ಅದುವರೆಗೆ ಕೇಕ್ ಮಾರಿದವರು, ಕಾರು ತೊಳೆದವರು, ಬಕೆಟ್ಟಿಗೆ ನಾಣ್ಯ ಹಾಕಿದವರು ಒಬ್ಬರಾದರೂ, ಆ ಮಗುವಿನ ಅಮ್ಮ ಎಲ್ಲಿದ್ದಾಳೆ ಅಂತ ಕೇಳಿದ್ದರೇ?

ಚಿಂತಕ ಇವಾನ್ ಇಲಿಚ್ ಈ ಮಾತನ್ನು 1968ರಲ್ಲೇ, ಮೆಕ್ಸಿಕೋದ ಕ್ವೆರ್ನವಾಕಾದಲ್ಲಿ, ಸೇವೆಗೆ ಹೊರಟ ಅಮೆರಿಕದ ವಿದ್ಯಾರ್ಥಿಗಳ ಮುಖಕ್ಕೇ ಹೇಳಿದ. ನೋಡಲು ಬನ್ನಿ, ಬೆಟ್ಟ ಹತ್ತಲು ಬನ್ನಿ, ಕಲಿಯಲು ಬನ್ನಿ, ಸಹಾಯ ಮಾಡಲು ಮಾತ್ರ ಬರಬೇಡಿ ಎಂಬುದು ಅವನ ಭಾಷಣದ ಸಾರ. ಆಮೇಲೆ ಎರಡು ತಲೆಮಾರು ಕಳೆದಿವೆ. ಶಾಲೆಗಳನ್ನು ಕುರಿತ ಅವನ ಪುಸ್ತಕವನ್ನು ಓದಿರಬಹುದಾದ ಮೇಷ್ಟ್ರುಗಳೇ ಈ ತಂಡಗಳ ಜೊತೆಗೆ ಹೊರಡುತ್ತಾರೆ.

ನಮ್ಮವರ ಕತೆ ಇನ್ನೂ ಸೊಗಸಾಗಿದೆ. ಹಾಸನದ ಹತ್ತಿರದ ಹಳ್ಳಿಯಲ್ಲಿ ಅಜ್ಜಿ ಒಬ್ಬಳೇ ಇದ್ದಾಳೆ. ಮೊಮ್ಮಗ ಅಲ್ಲಿಗೆ ಹೋಗಿ ಹತ್ತು ದಿನ ಇರಲಾರ: ಸೊಳ್ಳೆ, ಸೆಕೆ, ಇಂಡಿಯನ್ ಟಾಯ್ಲೆಟ್, ಜೊತೆಗೆ ಅಜ್ಜಿಯ ಕನ್ನಡ ಅವನಿಗೆ ಅರ್ಥವಾಗುವುದಿಲ್ಲ. ಅದೇ ಹುಡುಗ ಸಾವಿರಾರು ಪೌಂಡ್ ಚಂದಾ ಎತ್ತಿ ಲಡಾಖಿನ ಹಳ್ಳಿಯಲ್ಲಿ ಗುಂಡಿಯ ಕಕ್ಕಸು ಬಳಸಿ ಬಂದು, ಭಾರತದ ಬಡವರು ಎಷ್ಟು ಖುಷಿಯಾಗಿದ್ದಾರೆ ಅಂತ ಅಸೆಂಬ್ಲಿಯಲ್ಲಿ ಭಾಷಣ ಮಾಡುತ್ತಾನೆ. ಅಪ್ಪ ಅಮ್ಮ ಹಿಂದಿನ ಸಾಲಿನಲ್ಲಿ ಕೂತು ವಿಡಿಯೋ ಮಾಡುತ್ತಾರೆ. ಅಜ್ಜಿಗೂ ಕಳಿಸುತ್ತಾರೆ.

ಚಂದಾ ಕೇಳುವುದೇ ಅವಮಾನ ಅಂತ ನಾನು ಹೇಳುತ್ತಿಲ್ಲ. ಕೇಳಿ ಓದಿದವರ ನಾಡು ನಮ್ಮದು. ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಉಂಡು ವಾರಾನ್ನದಲ್ಲಿ ಓದಿ ಮೇಷ್ಟ್ರಾದವರು, ವಕೀಲರಾದವರು ಎಷ್ಟು ಮಂದಿ. ಸಿದ್ಧಗಂಗೆಯಂಥ ಮಠಗಳು ಭಕ್ತರ ಮನೆಮನೆಯಿಂದ ಬಂದ ಧಾನ್ಯದಲ್ಲಿ ಸಾವಿರಾರು ಮಕ್ಕಳಿಗೆ ಅನ್ನ ಹಾಕಿ ಅಕ್ಷರ ಕೊಟ್ಟಿವೆ. ಅಲ್ಲಿ ಕೇಳುವವನ ಹಸಿವು ನಿಜವಾಗಿತ್ತು, ಕೊಡುವವಳಿಗೆ ತಟ್ಟೆಯ ಮುಂದೆ ಕೂತ ಹುಡುಗ ಕಾಣುತ್ತಿದ್ದ. ವಾರಾನ್ನ ಉಂಡವರ ಮೊಮ್ಮಕ್ಕಳು, ಮರಿಮಕ್ಕಳು ಇಲ್ಲಿ ನಾಲ್ಕು ಬೆಡ್‌ರೂಮಿನ ಮನೆ, ಎರಡು ಕಾರು ಇಟ್ಟುಕೊಂಡು ಕಿಲಿಮಂಜಾರೋ ಹತ್ತಲಿಕ್ಕೆ ಬಕೆಟ್ ಹಿಡಿದಿದ್ದಾರೆ. ಅಪ್ಪನ ಕಿಸೆಯಲ್ಲಿ ದುಡ್ಡಿದೆ. ಆದರೂ ಊರು ಕೊಡಬೇಕು, ಯಾಕೆಂದರೆ ಮಗುವಿಗೆ ಅದರಿಂದ ಸಂಸ್ಕಾರ ಬರುತ್ತದೆ! ಬಡವರು ಕೈಚಾಚಿದರೆ ಸೋಮಾರಿತನ, ಉಳ್ಳವರ ಮಕ್ಕಳು ಚಾಚಿದರೆ ಲೀಡರ್‌ಶಿಪ್.

ಹಾಗಾದರೆ ಮಕ್ಕಳು ಲೋಕ ನೋಡುವುದೇ ಬೇಡವೇ ಅಂತ ಕೇಳುವವರಿದ್ದಾರೆ. ನೋಡಲಿ, ಧಾರಾಳವಾಗಿ ನೋಡಲಿ. ದುಡ್ಡಿದ್ದವರು ಕೊಟ್ಟು ಕಳಿಸಲಿ, ಪ್ರವಾಸವನ್ನು ಪ್ರವಾಸ ಅನ್ನಲಿ. ಮಾಚು ಪಿಚು ಚೆನ್ನಾಗಿದೆ, ಅದನ್ನು ನೋಡಲು ಯಾರ ಬಡತನದ ನೆಪವೂ ಬೇಕಿಲ್ಲ. ಕಷ್ಟಸಹಿಷ್ಣುತೆಯೇ ಬೇಕಿದ್ದರೆ 1956ರಿಂದ ಡ್ಯೂಕ್ ಆಫ್ ಎಡಿನ್‌ಬರಾ ಅವಾರ್ಡ್ ಇದೆ. ಅದರ ಗೋಲ್ಡ್ ಹಂತದಲ್ಲಿ ಮಕ್ಕಳು ನಾಲ್ಕು ಹಗಲು ಮೂರು ರಾತ್ರಿ ಡೇರೆ, ಅನ್ನ, ನಕ್ಷೆ ಎಲ್ಲ ಬೆನ್ನ ಮೇಲೆ ಹೊತ್ತು ನಡೆಯುತ್ತಾರೆ. ವೇಲ್ಸಿನ ಬೆಟ್ಟದ ಮಳೆಯೂ ಆಂಡೀಸ್‌ನ ಮಳೆಯಷ್ಟೇ ಒದ್ದೆ ಮಾಡುತ್ತದೆ. ಅಲ್ಲಿಗೆ ಶಾಲೆಯ ಮಿನಿಬಸ್ಸು ಹೋಗುತ್ತದೆ, ವಿಮಾನ ಬೇಕಿಲ್ಲ. ಇದಕ್ಕೂ ಖರ್ಚಿದೆ, ಆದರೆ ಶಾಲೆ ಮನಸ್ಸು ಮಾಡಿದರೆ ಭರಿಸಬಹುದಾದಷ್ಟು. ಸೇವೆ ಬೇಕಿದ್ದರೆ ಫುಡ್ ಬ್ಯಾಂಕಿನ ಗೋದಾಮಿನಲ್ಲಿ ಡಬ್ಬಿ ಜೋಡಿಸಲು ಜನ ಸಾಲದು. ಕಷ್ಟವೆಂದರೆ, ಅಲ್ಲಿ ಹಿನ್ನೆಲೆಗೆ ಜಿರಾಫೆ ಇರುವುದಿಲ್ಲ.

ಬೆಂಗಳೂರಿನವರು ಇದು ಇಂಗ್ಲೆಂಡಿನ ಕತೆ ಅಂತ ನಿಶ್ಚಿಂತೆಯಾಗಿರಬೇಡಿ. ನಿಮ್ಮ ಊರಿನ ಇಂಟರ್‌ನ್ಯಾಷನಲ್ ಶಾಲೆಗಳು ಕಲಿಸುವ ಐಬಿ ಡಿಪ್ಲೊಮಾದಲ್ಲಿ ಸೇವೆಯೂ ಒಂದು ಕಡ್ಡಾಯ ಭಾಗ. ಸೇವೆಯನ್ನು ಪ್ಯಾಕೇಜ್ ಮಾಡಿ ಮಾರುವವರಿಗೆ ಅಷ್ಟು ಸಾಕು. ಆನ್‌ಲೈನಿನಲ್ಲಿ ಚಂದಾ ಎತ್ತುವ ಮಿಲಾಪ್ ಹುಟ್ಟಿದ್ದೇ ನಿಮ್ಮ ಊರಲ್ಲಿ, 2010ರಲ್ಲಿ. ಜನ ಅಲ್ಲಿ ದುಡ್ಡು ಕೊಡುವುದು ಹೆಚ್ಚಾಗಿ ಯಾರದೋ ಕ್ಯಾನ್ಸರಿಗೆ, ಯಾರದೋ ಎಳೆಗೂಸಿನ ಆಪರೇಷನ್ನಿಗೆ. ಆ ಮರುಕವನ್ನು ಹದಿನಾರರ ಹುಡುಗನ ಬೇಸಿಗೆ ಪ್ರವಾಸಕ್ಕೆ ತಿರುಗಿಸಿಕೊಳ್ಳುವುದನ್ನು ಮೊದಲ ಸಲವೇ ತಡೆಯಿರಿ. ಒಮ್ಮೆ ಅದಕ್ಕೆ ಸಂಸ್ಕಾರ ಎಂಬ ಹೆಸರು ಬಿದ್ದಮೇಲೆ ಎದುರಾಡುವುದು ಎಷ್ಟು ಕಷ್ಟವೆಂದು ಇಲ್ಲಿಯವರನ್ನು ಕೇಳಿ.

ಇಲ್ಲಿನ ಅಪ್ಪ ಅಮ್ಮಂದಿರೇ, ಸೆಪ್ಟೆಂಬರಿನಲ್ಲಿ ಕಂಪನಿಯವರು ಸ್ಲೈಡು ಹಿಡಿದು ಶಾಲೆಗೆ ಬರುತ್ತಾರೆ. ಹಿಂದಿನ ಸಾಲಿನಲ್ಲಿ ತಲೆಯಾಡಿಸುತ್ತ ಕೂರಬೇಡಿ, ಎದ್ದು ಕೇಳಿ. ನೂರು ಪೌಂಡಿನಲ್ಲಿ ಆ ಊರಿಗೆ ತಲುಪುವುದೆಷ್ಟು, ನಿಮ್ಮ ಕಂಪನಿಗೆ ಎಷ್ಟು? ಈ ಗೋಡೆ ಬೇಕು ಅಂತ ಆ ಊರಿನವರು ಯಾವಾಗ ಕೇಳಿದರು, ಯಾರು ಕೇಳಿದರು? ಶಾಲೆಯಲ್ಲಿ ಸರ್ಕಾರದ ಉಚಿತ ಊಟ ಪಡೆಯುವ ಮಕ್ಕಳಲ್ಲಿ ಹೋದ ಸಲ ಎಷ್ಟು ಜನ ಹೋದರು? ಲೆಕ್ಕ ಕಾಗದದ ಮೇಲೆ ಬರಲಿ. ಬಾರದಿದ್ದರೆ ಶಾಲೆಯ ಹೆಸರು, ಶಾಲೆಯ ಹಾಲು, ಶಾಲೆಯ ಮಕ್ಕಳ ಕೈ ಯಾವುದನ್ನೂ ಈ ವ್ಯಾಪಾರಕ್ಕೆ ಕೊಡಬೇಡಿ ಅಂತ ಶಾಲೆಯ ಆಡಳಿತ ಮಂಡಳಿಯ ಗವರ್ನರುಗಳಿಗೆ ಬರೆಯಿರಿ, ಒಬ್ಬರೇ ಬರೆಯಬೇಡಿ, ಹತ್ತು ಜನ ಸೇರಿ ಬರೆಯಿರಿ. ಶಾಲೆ ಒಂದು ಪ್ರವಾಸ ಮಾಡಿಸುವುದಾದರೆ ತರಗತಿಯ ಕಟ್ಟಕಡೆಯ ಬಡ ಮಗುವೂ ಬರಬಲ್ಲ ಖರ್ಚಿನದನ್ನೇ ಮಾಡಿಸಲಿ, ಕೊರತೆ ಬಿದ್ದದ್ದನ್ನು ಹೆಸರು ಹೇಳದೆ ತುಂಬುವ ಒಂದು ನಿಧಿ ಇಡಲಿ. ಆ ನಿಧಿಗೆ ಬೇಕಾದರೆ ನಾನೂ ದೋಸೆ ಹುಯ್ಯಲು ಬರುತ್ತೇನೆ, ಹಂಚು ನಮ್ಮ ಮನೆಯಲ್ಲೇ ಇದೆ. ಸೂಪರ್‌ಮಾರ್ಕೆಟ್ಟಿನ ಟಿಲ್ಲಿನ ಮುಂದೆ ನಿಂತ ಮಕ್ಕಳನ್ನು ಮಾತ್ರ ಈ ಶನಿವಾರವೇ ಮನೆಗೆ ಕರೆದುಕೊಂಡು ಬನ್ನಿ.